ಸ್ಟಂಪಿನ ಪಕ್ಕದಲ್ಲೇ

“ಮತ್ತೆ ನಾಲ್ಕು ಬೈ. ಹಾಕು, ಚೆಂಡು ಕೈಬಿಟ್ಟ ನಿಮ್ಮಪ್ಪನ ದಾನ,” ಎಂದು ಜೊತೆಯ ಹುಡುಗ ಪರ್ಸಿ ತಗಡಿನ ಅಂಕಿಯೊಂದನ್ನು ಹೆಸ್ಟರಳ ಕೈಗೆ ತುರುಕಿದ.

ಹೆಸ್ಟರ್ ಏಣಿ ಹತ್ತಿ ಎಂಬತ್ತಮೂರನ್ನು ಎಂಬತ್ತೇಳು ಮಾಡಿದಳು. ಸ್ಕೋರ್‌ಬೋರ್ಡಿನ ಕೆಲಸವನ್ನು ಅವಳೇ ಶಾಲೆಯ ಟೀಚರಮ್ಮನ ಹತ್ತಿರ ಬೇಡಿ ಪಡೆದಿದ್ದಳು. ಈಗ ಅನುಭವಿಸಬೇಕು.

ಅವಳ ಅಪ್ಪ ಮಿಸ್ಟರ್ ಪಾರ್ಜಿಟರ್ ವಾರವೆಲ್ಲ ವಕೀಲರ ಗುಮಾಸ್ತ, ಶನಿವಾರ ಹಳ್ಳಿಯ ತಂಡದ ವಿಕೆಟ್‌ಕೀಪರ್. ಬೌಲರ್ ಎಷ್ಟೇ ವೇಗದವನಿರಲಿ, ಅಪ್ಪ ಸ್ಟಂಪಿಗೆ ಅಂಟಿಕೊಂಡೇ ನಿಲ್ಲುತ್ತಿದ್ದ. “ಹಿಂದೆ ನಿಲ್ಲೋದು ಹೇಡಿಗಳ ಕೆಲಸ,” ಎಂದು ಮೀಸೆ ತಿರುವುತ್ತಿದ್ದ. ಭಾನುವಾರದ ಊಟಕ್ಕೆ ತಂದ ಮಾಂಸದಲ್ಲಿ ಎರಡು ಹೋಳು ಅವನ ಗ್ಲೌಸಿನೊಳಗೆ ಸೇರುತ್ತಿದ್ದವು, ಅಂಗೈಗೆ ಮೆತ್ತೆಯಾಗಿ. ಇಷ್ಟು ಶೌರ್ಯಕ್ಕೆ ಅಷ್ಟು ಮಾಂಸ ಯಾಕೆ ಎಂದು ಹೆಸ್ಟರ್ ಮೂತಿ ತಿರುವುತ್ತಿದ್ದಳು. ವಾಸನೆ ಹಿಡಿದ ಬಡಗಿಯ ನಾಯಿ ಮೈದಾನದಂಚಿನಲ್ಲಿ ಜೊಲ್ಲು ಸುರಿಸುತ್ತಿತ್ತು.

“ನಿನ್ನೆ ನಿಮ್ಮಪ್ಪ ಬೀದಿಯ ಆಳೆತ್ತರದ ಅಂಚೆ ಡಬ್ಬಕ್ಕೆ ಟೋಪಿ ಎತ್ತಿ, ‘ಗುಡ್ ಮಾರ್ನಿಂಗ್, ಮಿಸೆಸ್ ಟ್ಯಾಪ್ಲಿ’ ಅಂದ್ರಂತೆ,” ಎಂದ ಪರ್ಸಿ. “ಆಯಮ್ಮನೂ ಅಷ್ಟೇ ದಪ್ಪ ಅನ್ನು.”

“ತಮಾಷೆಗೆ ಅಂದಿರ್ತಾರೆ.”

“ತಮಾಷೆ ಎಲ್ಲ ಚಹಾ ಹೊತ್ತಿಗೆ ಮುಗಿಯುತ್ತೆ. ಹಿಂದೆ ಹೋಗಿ ನಿಲ್ಲದಿದ್ರೆ ಪಾದ್ರಿಗಳು ಗ್ಲೌಸ್ ನಮ್ಮಣ್ಣನಿಗೆ ಕೊಡ್ತಾರೆ. ಕನ್ನಡಕ ಹಾಕಿದ್ದಕ್ಕೇ ಮೇಷ್ಟ್ರನ್ನ ಟೀಮಿಂದ ಓಡಿಸಿದ ಕ್ಯಾಪ್ಟನ್ ಅವರು.”

ಚಹಾ ವಿರಾಮದಲ್ಲಿ ಹೆಸ್ಟರ್ ಅಪ್ಪನ ಬೆಂಚಿಗೆ ಚಹಾದ ಕಪ್ಪು ತಂದಳು.

“ಎಷ್ಟಾಯ್ತು, ಹೆಸ್?” ಅಪ್ಪ ಮೆಲ್ಲಗೆ ಕೇಳಿದ.

“ಎದುರಿಗೇ ಇದೆಯಲ್ಲಪ್ಪ. ಬಕೆಟ್ಟಿನಷ್ಟು ದೊಡ್ಡ ಅಂಕಿ.”

“ಬಿಸಿಲು ಕಣ್ಣಿಗೆ ಹೊಡೀತಿದೆ.”

ಸೂರ್ಯ ಮಧ್ಯಾಹ್ನದಿಂದಲೂ ಮೋಡದೊಳಗಿದ್ದ. ಹೆಸ್ಟರಳಿಗೆ ಅಂಚೆ ಡಬ್ಬ ನೆನಪಾಯಿತು. ಸ್ಟಂಪಿನ ಪಕ್ಕದಲ್ಲಾದರೆ ಬ್ಯಾಟಿನ ಅಂಚಾದರೂ ಕಾಣುತ್ತದೆ. ಹತ್ತು ಗಜ ಹಿಂದೆ ನಿಂತರೆ ಅಪ್ಪನಿಗೆ ಏನು ಕಾಣುತ್ತದೆ?

“ತೊಂಬತ್ತೊಂದು,” ಎಂದಳು.

ಅಷ್ಟರಲ್ಲಿ ಪಾದ್ರಿ ಬಂದರು. “ಪಾರ್ಜಿಟರ್, ಹತ್ತು ಗಜ ಹಿಂದಕ್ಕೆ ಹೋಗ್ತೀರೋ, ಗ್ಲೌಸ್ ಕೊಡ್ತೀರೋ?”

“ಹಿಂದೆ ನಿಲ್ಲೋದು ಹೇಡಿಗಳ ಕೆಲಸ, ರೆವರೆಂಡ್.”

“ಇಪ್ಪತ್ತೆರಡು ಬೈ ಕೊಡೋದು ವೀರರ ಕೆಲಸವೇನೋ.”

ಸುತ್ತಲೂ ನಗು ಎದ್ದಿತು. ಅಪ್ಪ ಗ್ಲೌಸ್ ಬಿಚ್ಚಿ ಕೊಟ್ಟ. ಒಳಗಿದ್ದ ಎರಡು ಹೋಳನ್ನು ನಾಯಿಗೆ ಹಾಕಿದ.

“ಒಂಚೂರು ಹಿಂದೆ ಹೋಗಿದ್ರೆ ಏನಾಗ್ತಿತ್ತು?” ಪರ್ಸಿ ಹಲ್ಲು ಕಿಸಿದ.

“ಅದು ಹೇಡಿಗಳ ಕೆಲಸ,” ಎಂದಳು ಹೆಸ್ಟರ್.

ಸಂಜೆ ಮನೆಗೆ ಹೋಗುವಾಗ ಅವಳು ಅಪ್ಪನ ತೋಳಿಗೆ ತೋಳು ಸೇರಿಸಿದಳು. ಅಂಚೆ ಡಬ್ಬ ಬಂದಾಗ ಸುಮ್ಮನಿದ್ದಳು. ಚರ್ಚಿನ ತಿರುವಿನಲ್ಲಿ ದಪ್ಪನೆಯ ಹೆಂಗಸೊಬ್ಬರು ಎದುರಾದಾಗ ಮಾತ್ರ, ಗೋಡೆಯ ಮೇಲಿನ ಬೆಕ್ಕನ್ನು ನೋಡುತ್ತಾ, ತನ್ನಷ್ಟಕ್ಕೆ ಎಂಬಂತೆ ಅಂದಳು:

“ಮಿಸೆಸ್ ಟ್ಯಾಪ್ಲಿ ಬರ್ತಿದಾರೆ.”

ಅಪ್ಪ ಟೋಪಿ ಎತ್ತಿದ.