ಸಂಜೆಯ ದೋಷ

ಅಡುಗೆಮನೆಯ ಗೂಡಿನಲ್ಲಿಟ್ಟ ಪೆಟ್ಟಿಗೆ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಮಹಾಂತೇಶನ ಎದೆಯೊಳಗಿನ ಪಂಪು ತಿರುಗುತ್ತಿದೆಯೆಂದು ಮನೆಯವರಿಗೆ ಕೇಳಿಸುವುದೇ ಅದರ ಕೆಲಸ. ಸೋತ ಗುಂಡಿಗೆಗೆ ಆಸರೆಯಾಗಿ, ನರಗಳ ಸುಳಿವು ಹಿಡಿದು ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುವ ಈ ಪಂಪು ಬಂದಮೇಲೆ ಎಷ್ಟೋ ಜನ ಸಾವಿನ ದವಡೆಯಿಂದ ಪಾರಾಗಿದ್ದರು. ಶಿವಲೀಲಾ ರೊಟ್ಟಿ ಬಡಿಯುತ್ತ ಪೆಟ್ಟಿಗೆಯೊಡನೆ ಮಾತಾಡುತ್ತಿದ್ದಳು.

ಅವಳ ಗಂಡ ಮಹಾಂತೇಶ ಮಾತ್ರ ಯುಗಾದಿಗೆ ಮುಂಚೆಯೇ ತೀರಿಕೊಂಡಿದ್ದ. ಪಂಪಿನಿಂದ ರಕ್ತನಾಳಕ್ಕೆ ಜೋಡಿಸಿದ್ದ ಕೃತಕ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪಂಪಿಗೆ ಏನೂ ಆಗಿರಲಿಲ್ಲ. ಸುಡುವ ಮುಂಚೆ ಅದನ್ನು ತೆಗೆಯುವ ಏರ್ಪಾಡು ಆಸ್ಪತ್ರೆಗಳಲ್ಲಿತ್ತು. ಮನೆಯಲ್ಲೇ ಕಣ್ಣುಮುಚ್ಚಿದವರಿಗೆ ವಿಭೂತಿ ಹಚ್ಚಿ, ಸ್ವಂತ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಮಾಡುವವರ ನೆನಪು ಯಂತ್ರ ಕಟ್ಟಿದವರಿಗೆ ಆಗಿರಲಿಲ್ಲ. ವರ್ಷಗಟ್ಟಲೆ ಬಾಳುವ ಬ್ಯಾಟರಿಯ ಬಲದಿಂದ ಹಿತ್ತಲಾಚೆಯ ಮಣ್ಣಿನಲ್ಲಿ ಪಂಪು ಸುಮ್ಮನೆ ತಿರುಗುತ್ತಲೇ ಇತ್ತು.

ಅಂದು ಮಧ್ಯಾಹ್ನ ಬೆಳಗಾವಿಯಿಂದ ಕಾರು ಬಂತು.

"ಅಕ್ಕಾರ, ನಾ ಡಾಕ್ಟರ್ ಅನ್ವಿತಾ. ಈ ಪಂಪ್ ಮಾಡಿದಾಕಿ. ನಿಮ್ಮ ಯಜಮಾನ್ರ ಪಂಪಿನಷ್ಟು ಒಂದೇ ಸಮ ನಡಿಯೂದು ಇಡೀ ರಾಜ್ಯದಾಗ ಇನ್ನೊಂದಿಲ್ಲ ನೋಡ್ರಿ! ಅವರಿಗಂತ ಕುಂದಾ ತಂದೀನಿ. ಎಲ್ಲಿ ಅದಾರ?"

ಶಿವಲೀಲಾ ಅವಳನ್ನು ಹಿತ್ತಲಾಚೆ ಕರೆದುಕೊಂಡು ಹೋಗಿ ಗೋರಿ ತೋರಿಸಿದಳು.

"ಸಿಟ್ಟಿಲ್ಲ, ಸೆಡವಿಲ್ಲ, ಕುಂತಲ್ಲೇ ಕುಂತಾರ. ಒಂದೇ ಸಮ ನಡೀದ ಇನ್ನೇನ್ ಮಾಡೀತ್ರಿ?"

"ಅಯ್ಯ ಶಿವನೇ! ಫೋನ್ ಮಾಡಿದಾಗೆಲ್ಲ ಆರಾಮ ಅದಾರ ಅಂದ್ರಲ್ಲ!"

"ಖರೇ ಹೇಳಿದ್ರ ನಿಲ್ಲಸ್ತಿದ್ರಿ. ಆ ಸಪ್ಪಳಾನೂ ಹೋದ್ರ ನಾ ಯಾರ ಕೂಡ ಜಗಳಾಡ್ಲಿ?"

ಅನ್ವಿತಾ ಕುಂದಾದ ಡಬ್ಬಿಯನ್ನು ಗೋರಿಯ ಮೇಲಿಟ್ಟಳು. "ಅಕ್ಕಾರ, ಇವರ ಪಂಪ್ ನೋಡೇ ನಾವು ಉಳಿದವರ ಪಂಪ್ ಹೊಂದಸಾಕತ್ತೀವಿ. ಸತ್ತವರ ನಡಿಗಿ ಬದುಕಿದವರ ಎದಿಗೆ ಕಟ್ಟಿದ್ರ ಹೆಂಗ್ರಿ?"

ಯಾವುದೋ ಊರಿನ ಅಡುಗೆಮನೆಯಲ್ಲಿ ಇಂಥದೇ ಪೆಟ್ಟಿಗೆಗೆ ಕಿವಿಗೊಟ್ಟು ಕೂತ ಹೆಂಗಸೊಬ್ಬಳು ಶಿವಲೀಲಾಳ ಕಣ್ಣ ಮುಂದೆ ಬಂದಳು. ಆ ಹೆಂಗಸಿನ ಗಂಡ ಇನ್ನೂ ಬದುಕಿದ್ದಾನೆ.

"ನಿಲ್ಲಸ್ರಿ," ಅಂದಳು. ಅನ್ವಿತಾ ಫೋನು ತೆಗೆಯುತ್ತಲೇ ಶಿವಲೀಲಾ ಅವಳ ಕೈ ಹಿಡಿದುಕೊಂಡಳು. "ಮನ್ಯಾಗ ಹೋಗಿ ನಿಲ್ಲಸೂಣು. ನಾ ಕೇಳಬೇಕು."

ಅಡುಗೆಮನೆಗೆ ಬಂದು ಅನ್ವಿತಾ ಫೋನಿನಿಂದಲೇ ಪಂಪು ನಿಲ್ಲಿಸಿದಳು. ಪೆಟ್ಟಿಗೆ ಸುಮ್ಮನಾಯಿತು. ಶಿವಲೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೊರಗಿದಳು. ಅವಳನ್ನು ನೋಡಲಾರದೆ ಅನ್ವಿತಾ ಫೋನಿನಲ್ಲಿ ಮಹಾಂತೇಶ ಬದುಕಿದ್ದ ಕಾಲದ, ಪಂಪಿನ ವೇಗ ತೋರಿಸುವ ಗೆರೆಗಳನ್ನು ಹುಡುಕಿದಳು.

"ಇಲ್ಲಿ ನೋಡ್ರಿ. ಆಗ ದಿನಾ ಹೊತ್ತು ಮುಳುಗೂ ಮುಂದ ಪಂಪ್ ಒಮ್ಮೆಲೆ ಜಿಗೀತಿತ್ತು. ದೋಷ ಅಂತ ತಿಳಿದು ಹೊಸ ಪಂಪಿನಾಗ ತಗದೇ ಬಿಟ್ಟೀವಿ."

"ಅದು ಮನೀಗೆ ಬರೂ ಹೊತ್ತ್ರಿ. ಏರು ಹತ್ತಿ ಬರ್ತಿದ್ರಲ್ಲ, ಅದಕ್ಕಿರಬೇಕು. ಪೆಟಗಿ ಬಿಕ್ಕಿದ ಕೂಡಲೇ ನಾ ಚಾಕ್ಕ ಇಡ್ತಿದ್ದೆ."

"ಏರು ಹತ್ತಿದ್ರ ನಿಧಾನಕ ಏರತೈತಿ. ಇದು ಹಂಗಲ್ರಿ." ಅನ್ವಿತಾಳ ದನಿ ತಗ್ಗಿತು. "ಬಾಗಿಲದಾಗ ನಿಮ್ಮನ್ನ ಕಂಡಾಗಿನದಿದು."

"ನನ್ನ ಕಂಡು ಹೆದರತಿದ್ರೇನೋ," ಎಂದು ನಗಲು ಹೋದ ಶಿವಲೀಲಾಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಕೂಡಿ ಬಾಳಿದರೂ ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. "ಒಮ್ಮೆ ಕೇಳಸ್ರಿ, ಯವ್ವಾ," ಅಂದಳು.

ಅನ್ವಿತಾ ಒಂದು ಹಳೆಯ ಸಂಜೆಯನ್ನು ಪೆಟ್ಟಿಗೆಗೆ ಕಳಿಸಿದಳು. ಹೊಸ ಪಂಪುಗಳಿಗೆ ಆ ದೋಷವನ್ನು ಮರಳಿ ಕೊಡಬೇಕೆಂದು ಆಗಲೇ ಅವಳ ಮನಸ್ಸು ಗಟ್ಟಿಯಾಗಿತ್ತು. ಪೆಟ್ಟಿಗೆ ಗುಂಯ್ ಎಂದಿತು, ತುಸು ತಡವರಿಸಿತು, ಒಮ್ಮೆಲೆ ಜಿಗಿಯಿತು.

ಶಿವಲೀಲಾ ಕಣ್ಣೊರೆಸಿಕೊಂಡು, ತನಗರಿವಿಲ್ಲದೆಯೇ ಒಲೆಯ ಕಡೆ ತಿರುಗಿ ಕೂಗಿದಳು:

"ಬಂದ್ರೇನು? ಕಾಲ್ ತೊಳಕೊಂಡು ಒಳಗ ಬರ್ರಿ!"

ಅನ್ವಿತಾ ತಟ್ಟನೆ ಬಾಗಿಲ ಕಡೆ ನೋಡಿದಳು.