ಹೂಳಿನೊಳಗಿನ ಕಪ್ಪೆ

"ಏನಮ್ಮ ಇದು? ಬರೀ ಕೆಸರಿನ ಹೆಂಟೆ ತಂದಿದ್ದೀಯಲ್ಲ!"

ಪರೀಕ್ಷಕರ ಮಾತಿಗೆ ಪಕ್ಕದ ಮೇಜಿನ ಬೊಮ್ಮಪ್ಪ ಕಿಸಕ್ಕನೆ ನಕ್ಕ. ಅವನು ಮಾಡಿದ್ದ ಕರೆಂಟ್ ಗಂಟೆ ಬಟನ್ ಒತ್ತಿದ ಕೂಡಲೇ ಟ್ರಿಣ್ ಎನ್ನುತ್ತಿತ್ತು. ಗಾಳೆಮ್ಮನ ಮೇಜಿನ ಮೇಲೆ ಇದ್ದದ್ದು ಗೋಣಿತಟ್ಟಿನಲ್ಲಿ ಸುತ್ತಿ ಹೊಲಿದ ಒಣ ಮಣ್ಣಿನ ಹೆಂಟೆ, ಅಷ್ಟೇ.

"ಕೆಸರಲ್ರಿ ಸಾರ್. ನಮ್ಮೂರ ಕೆರಿ ಹೂಳು. ಇದರಾಗ ಕಪ್ಪಿ ಎಲುಬು ಅದಾವ್ರಿ."

ಅದು ೧೯೮೪ನೇ ಇಸವಿ. ಹಗರಿಬೊಮ್ಮನಹಳ್ಳಿಯಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ ನಡೆದಿತ್ತು. ಕೋಗಳಿ ಹತ್ತಿರದ ಒಂದು ಹಳ್ಳಿಯಿಂದ ಆರನೇ ಕ್ಲಾಸಿನ ಗಾಳೆಮ್ಮ ಬಂದಿದ್ದಳು.

"ಕಪ್ಪೆ ಸತ್ತರೆ ಕೊಳೆತು ಹೋಗ್ತದೆ. ಉಳಿಯೋದು ಹೇಗೆ?" ಪರೀಕ್ಷಕರು ಕೇಳಿದರು.

ಗಾಳೆಮ್ಮ ಒಂದೇ ಉಸಿರಿಗೆ ಹೇಳಿದಳು. "ಬಾಳ ಕಪ್ಪಿ ಕೊಳತು ಹೋಗತಾವ್ರಿ. ಯಾವುದೋ ಒಂದು ಕೆರಿ ತಳಕ್ಕ ಮುಳುಗಿ, ಲಗೂನ ಹೂಳು ಮುಚ್ಚಿತು ಅಂದ್ರ ಅದನ್ನ ಮೀನು ತಿನ್ನಂಗಿಲ್ಲ, ಗಾಳಿ ತಟ್ಟಂಗಿಲ್ಲ. ಮಾಂಸ ಹೋದ್ರೂ ಎಲುಬು ಉಳೀತಾವ. ವರ್ಷಾ ಮಳಿ ಬಂದಂಗ ಹೊಸ ಪದರು ಕುಂದ್ರತೈತಿ. ಲಕ್ಷಗಟ್ಟಲೆ ವರ್ಷ ಆದ ಮ್ಯಾಲ ಭಾರಕ್ಕ ಹೂಳು ಕಲ್ಲಾಗತೈತಿ. ನೀರಿನಾಗಿನ ಖನಿಜ ಸೇರಿ ಎಲುಬೂ ಕಲ್ಲಾಗತಾವ. ಬೊಂಬಾಯಾಗ ಅಂಥಾ ಸಣ್ಣ ಸಣ್ಣ ಕಪ್ಪಿ ಸಿಕ್ಕಾವಂತ್ರಿ. ನಮ್ಮ ಕೊಟ್ರಬಸಪ್ಪ ಮೇಷ್ಟ್ರು ಹೇಳ್ಯಾರ."

"ಬಾಯಿಪಾಠ ಚೆನ್ನಾಗಿದೆ. ಆದರೆ ನೀನು ಹೇಳಿದ ಪದರು ಎಲ್ಲಿ? ಕಪ್ಪೆ ಎಲ್ಲಿ?"

ಗಾಳೆಮ್ಮ ಹೊಲಿಗೆ ಬಿಚ್ಚಿದಳು. ಹೆಂಟೆಯ ಅಂಚಿನಲ್ಲಿ ಕಡ್ಡಿಯಂಥ ಒಂದು ಬಿಳಿ ತುದಿ ಮಾತ್ರ ಇಣುಕುತ್ತಿತ್ತು. ಒಳಗಿರುವುದನ್ನು ತೋರಿಸಬೇಕಾದರೆ ಹೆಂಟೆಯನ್ನು ಸೀಳಬೇಕು. ಅವಳು ಉಗುರು ಹಾಕಿ ಎಳೆದಳು. ಒಂದು ಮೂಲೆ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು.

ಅವಳು ಕೈ ಹಿಂದಕ್ಕೆ ತೆಗೆದಳು. ಇನ್ನೊಂದು ಸಲ ಎಳೆದರೆ ಕಪ್ಪೆಯೂ ಪುಡಿ!

ಇದನ್ನು ಬಿಡಿಸಲು ಗೊತ್ತಿದ್ದವರು ಒಬ್ಬರೇ. ಅವ್ವ ದುರುಗಮ್ಮ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವ ಕೂಲಿಗೆ ಹೋಗುವವಳು, ಅಲ್ಲಿ ಇಂಥ ಹೆಂಟೆ ಬಿಡಿಸಿ ಕಪ್ಪೆಯ ಎಲುಬು ನೋಡಿದ್ದವಳು. ಆಳುದ್ದ ತಗ್ಗಿನಲ್ಲಿ ಈ ಹೆಂಟೆ ಕಂಡಾಗ ಬುಟ್ಟಿಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು. ತಿಂಗಳುಗಟ್ಟಲೆ ನೆರಳಿನಲ್ಲಿಟ್ಟು ಒಣಗಿಸಿದವಳೂ ಅವಳೇ.

ಈಗ ಅವ್ವ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಳು. ಬೆಳಿಗ್ಗೆ ಬಸ್ ಇಳಿದಾಗ ಅವಳ ಸೆರಗಿನಂಚಿನ ಹೂಳಿನ ಕಲೆ ನೋಡಿ, "ನೀ ಇಲ್ಲೇ ಇರವ್ವ" ಎಂದವಳು ಗಾಳೆಮ್ಮನೇ.

"ಸಾರ್, ಎರಡು ನಿಮಿಷ್ರಿ!"

ಅವಳು ಓಡಿದಳು. "ಯವ್ವಾ, ಒಳಗ ಬಾ! ನೀನಾ ಬಿಡಿಸಬೇಕು."

"ನಾನಾ? ಅಷ್ಟು ಮಂದಿ ಮುಂದ?"

"ನೀ ಬರಲಿಲ್ಲಂದ್ರ ಆಗಂಗಿಲ್ಲ. ಬಾರವ್ವಾ!"

ದುರುಗಮ್ಮ ಮೇಜಿನ ಮುಂದೆ ನಿಂತಳು. ಹೆಂಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಗೋಣಿ ಹೊಲಿಯಲು ತಂದಿದ್ದ ದಬ್ಬಣವನ್ನು ಒಂದು ಸಣ್ಣ ಗೆರೆಗೆ ಇಟ್ಟು ಮೆಲ್ಲಗೆ ತಟ್ಟಿದಳು. ಟಕ್. ತಿರುಗಿಸಿ ಇನ್ನೊಂದು ಕಡೆ. ಟಕ್.

ಸುತ್ತ ಮಕ್ಕಳು ಸೇರಿದರು. ಬೊಮ್ಮಪ್ಪ ಗಂಟೆ ಬಿಟ್ಟು ಬಂದು ಕತ್ತು ಚಾಚಿದ.

ಹೆಂಟೆ ಪುಸ್ತಕದ ಹಾಗೆ ಎರಡಾಗಿ ತೆರೆದುಕೊಂಡಿತು. ನುಣುಪಾದ ಕಪ್ಪು ಮಣ್ಣಿನ ಮೇಲೆ ಸಣ್ಣದೊಂದು ತಲೆಬುರುಡೆ, ಬೆನ್ನೆಲುಬು, ಮಡಚಿದ ಎರಡು ಉದ್ದ ಕಾಲು. ಈಗಲೇ ಜಿಗಿಯುತ್ತದೇನೋ ಎಂಬಂತಿತ್ತು.

"ಅಬ್ಬಾ! ಕಪ್ಪೀನಾ ಐತಲೇ!" ಎಂದ ಬೊಮ್ಮಪ್ಪ.

ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಬಾಗಿದರು. "ಎಲ್ಲಿ ಬಿಚ್ಚಬೇಕು ಅಂತ ಹೇಗೆ ಗೊತ್ತಾಯ್ತಮ್ಮ?"

"ಕಣ್ಣಿಗೆ ಕಾಣತೈತ್ರಿ. ಜೋರು ಮಳಿ ತಂದದ್ದು ಮರಳು ಮರಳು ಇರತೈತಿ. ನೀರು ನಿಂತ ಮ್ಯಾಲ ಕುಂತದ್ದು ಬೆಣ್ಣಿ ಹಂಗ ನುಣ್ಣಗ. ಎರಡರ ನಡುವ ತಟ್ಟಿದ್ರ ತಾನಾ ಬಿಡತೈತ್ರಿ."

"ಗಾಳೆಮ್ಮ, ಹಾಗಾದರೆ ಇದು ಕಲ್ಲಾಗಿದೆಯೇನು?"

"ಇನ್ನೂ ಇಲ್ರಿ ಸಾರ್. ಇದು ಈಗ ಶುರು ಮಾಡೈತಿ, ಅಷ್ಟಾ."

ಪರೀಕ್ಷಕರು ಜೋರಾಗಿ ನಕ್ಕರು. ಆಮೇಲೆ ನೋಟ್‌ಬುಕ್ಕಿನಲ್ಲಿ ಬಹಳ ಹೊತ್ತು ಏನೋ ಬರೆದುಕೊಂಡರು, ಅವ್ವನಿಂದ ಮತ್ತೆ ಮತ್ತೆ ಕೇಳಿ.

ಸಂಜೆ ಮೊದಲನೇ ಬಹುಮಾನ ಕರೆಂಟ್ ಗಂಟೆಗೇ ಹೋಯಿತು. ಗಾಳೆಮ್ಮನಿಗೆ ಸಿಕ್ಕಿದ್ದು ಎರಡನೆಯದು. ಆದರೆ ಜನ ಮುತ್ತಿಕೊಂಡಿದ್ದು ಕಪ್ಪೆಯ ಮೇಜನ್ನೇ. ಅವ್ವ ಎಲ್ಲರಿಗೂ ಪದರುಗಳನ್ನು ತೋರಿಸುತ್ತಿದ್ದಳು. ಅವಳ ದನಿ ಈಗ ದೊಡ್ಡದಾಗಿತ್ತು.

ಗಾಳೆಮ್ಮ ಮೇಜಿನ ಮೇಲಿದ್ದ ಹೆಸರಿನ ಚೀಟಿ ತೆಗೆದುಕೊಂಡು, ತನ್ನ ಹೆಸರಿನ ಮೇಲಿದ್ದ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ದುರುಗಮ್ಮ.

ಆಗ ಬಂದ ಒಬ್ಬ ಹುಡುಗಿ ಚೀಟಿ ಓದಿ ಕೇಳಿದಳು. "ದುರುಗಮ್ಮ ಅಂದ್ರ ಯಾರು? ಯಾವ ಕ್ಲಾಸು?"

ಗಾಳೆಮ್ಮ ಅವ್ವನ ಪಕ್ಕಕ್ಕೆ ಸರಿದು, ಕಲೆಯಿದ್ದ ಸೆರಗನ್ನು ಹಿಡಿದುಕೊಂಡು ನಿಂತಳು.

"ನಮ್ಮವ್ವ" ಎಂದಳು.