ಎಂಜಲುಂಡ ಬಾಗಿಲು

"ಬೇರೆ ಏನಾದ್ರೂ ಹಚ್ಚಮ್ಮ, ಎಂಜಲು ಮಾತ್ರ ಮುಟ್ಟಿಸಬೇಡ," ಎಂದ ಚೌಕಟ್ಟು ಕಟ್ಟುವ ಮುದುಕ. "ಈ ಚಿತ್ರ ಬರೆದೋನು ಮಾಟ ಮಾಡಿಟ್ಟಿದ್ದಾನೆ. ಎಂಜಲು ಕೊಟ್ಟೋರ ದನಿ ಒಳಗೆ ಹೋಗುತ್ತೆ. ಹಾಗೆ ಒರೆಸಿದ ನಮ್ಮಕ್ಕನಿಗೆ ಸಾಯೋವರೆಗೂ ಮಾತು ಬರಲಿಲ್ಲ."

"ನಿಮ್ಮ ಭಾವ ಪುಣ್ಯವಂತರು ಬಿಡಿ," ಎಂದು ಅವಳು ನಕ್ಕಳು. ಮುದುಕ ನಗಲಿಲ್ಲ.

ಹಳೆಯ ಚಿತ್ರಗಳನ್ನು ಶುಚಿ ಮಾಡುವುದು ಅವಳ ಕಸುಬು. ಇದರ ಮುಂದೆ ಕೂತು ಆರು ವಾರವಾಗಿತ್ತು. ದೊಡ್ಡದೊಂದು ಚರ್ಚು, ಮುಗಿಲಿಗೆ ಚಾಚಿದ ಜೋಡಿ ಗೋಪುರ, ಕಮಾನಿನ ಮೇಲೆ ಕಮಾನು, ಎಲ್ಲದರ ಮೇಲೂ ಜೇನಿನಂಥ ಸಂಜೆಬಿಸಿಲು. ಬಾಗಿಲು ಮಾತ್ರ ಮಸಿ. ಸ್ಪಿರಿಟ್ಟಿಗೂ ಜಗ್ಗದು, ಟರ್ಪೆಂಟೈನಿಗೂ ಜಗ್ಗದು. ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಮತ್ತೆ ಕಪ್ಪು. ಮನೆಯಲ್ಲಿ ಒಲೆಕಟ್ಟೆ, ಇಲ್ಲಿ ಇದು. ಬದುಕಿಡೀ ಒರೆಸಿದ್ದೇ ಒರೆಸಿದ್ದು.

ಫೋನಿನಲ್ಲಿ ಮಗಳು. "ಯಾವಾಗ್ಲೂ 'ಹ್ಞೂಂ, ಆಮೇಲೆ' ಅಂತೀಯ. ಒಂದ್ಸಲ ನನ್ನ ಜೊತೆ ಮಾತಾಡಮ್ಮ."

"ಇಲ್ಲಿಗೇ ಬಾ ಗುಬ್ಬಿ, ಆರು ಗಂಟೆಗೆ. ಕೂತು ಮಾತಾಡೋಣ."

"ಬರ್ತೀನಿ. ಇದೇ ಕೊನೇ ಸಲ."

ಐದೂವರೆಯಾಯಿತು. ಬಾಗಿಲು ಇನ್ನೂ ಕಪ್ಪೇ. ಅವಳ ತಾಳ್ಮೆ ಕಿತ್ತುಹೋಯಿತು. ಈ ಕಸುಬಿನವರಿಗೆಲ್ಲ ಗೊತ್ತು, ಎಂಜಲಿಗೆ ಬಿಡದ ಕೊಳೆ ಕಡಿಮೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಗೆ ಒತ್ತಿದಳು. ಒರೆಸಿದಳು.

ಮಸಿ ಬೆಣ್ಣೆಯ ಹಾಗೆ ಕರಗಿತು. ಆಗತಾನೇ ಆರಿದ ಮೇಣದ ಬತ್ತಿಯ ವಾಸನೆ ಮೂಗಿಗೆ ಬಡಿಯಿತು. ಮತ್ತೊಂದು ಕಡ್ಡಿ. ಮತ್ತೊಂದು. ನಾಲಿಗೆ ಒಣಗುತ್ತ ಬಂತು, ಬಿಡಲಾಗಲಿಲ್ಲ. ಚಿತ್ರದ ಬಾಗಿಲು ತೆರೆದುಕೊಂಡಿತು. ಒಳಗಿನ ಕತ್ತಲಲ್ಲಿ ಯಾರೋ ಕೆಮ್ಮಿದರು. ಅದು ಅವಳದೇ ಕೆಮ್ಮು.

ಮುದುಕನನ್ನು ಕೂಗಲು ಬಾಯಿ ತೆರೆದಳು. ದನಿಯಿಲ್ಲ.

ಅಷ್ಟರಲ್ಲಿ ಮಗಳು ಕೋಣೆಗೆ ಬಂದಳು.

"ಬಂದ್ಯಾ ಗುಬ್ಬಿ," ಎಂದಿತು ಚಿತ್ರ. "ಎಷ್ಟು ಹೊತ್ತಿಂದ ಕಾಯ್ತಿದ್ದೀನಿ. ಬಾ, ಕೂತು ಮಾತಾಡೋಣ."

ಇಷ್ಟು ಅಕ್ಕರೆಯಿಂದ ಅವಳೆಂದೂ ಕರೆದಿರಲಿಲ್ಲ. ಮಗಳ ಮುಖ ಅರಳಿತು. ನಿದ್ದೆಗಣ್ಣಿನಲ್ಲಿ ನಡೆಯುವವಳಂತೆ ಅಮ್ಮನನ್ನು ದಾಟಿ ಹೋದಳು. ಕೈ ಚಾಚಿದಳು. ಬೆರಳು ಚಿತ್ರದ ಬಾಗಿಲೊಳಗೆ ಇಳಿಯಿತು. ಕೈ ಮಣಿಕಟ್ಟಿನವರೆಗೆ ಇಳಿಯಿತು.

ಅಮ್ಮ ಚೀರಿದಳು. ಸದ್ದಿಲ್ಲ. ಮಗಳ ಜಡೆ ಹಿಡಿದು ಎಳೆದಳು. ಚೂರಿ ಕೈಗೆ ಸಿಕ್ಕಿತು. ಚಿತ್ರವನ್ನು ಗೋಪುರದಿಂದ ಮೆಟ್ಟಿಲಿನವರೆಗೆ ಸೀಳಿದಳು. ಒಳಗೆ ಅವಳದೇ ದನಿ ಒಮ್ಮೆ ಕಿರುಚಿ, ನಿಂತುಹೋಯಿತು.

ಮಗಳು ನೆಲದ ಮೇಲೆ ಕಣ್ಣುಜ್ಜುತ್ತ ಕೂತಿದ್ದಳು.

"ಕರೆದೋಳು ನೀನೇ," ಎಂದಳು. "ಮಾತಾಡೋಣ ಅಂದೋಳೂ ನೀನೇ. ಈಗ ಜಡೆ ಎಳೆದು ಸುಮ್ನೆ ನಿಂತಿದ್ದೀಯ. ಮಾತಾಡಮ್ಮ."

ಅವಳು ಬಾಯಿ ತೆರೆದಳು. ಮುಚ್ಚಿದಳು.

"ಇವತ್ತೂ ಇಲ್ಲ, ಅಲ್ವಾ." ಮಗಳು ಎದ್ದು ಬ್ಯಾಗು ಹೆಗಲಿಗೇರಿಸಿದಳು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಮುದುಕ ತಲೆ ತಗ್ಗಿಸಿ ದಾರಿ ಬಿಟ್ಟ. ಮೆಟ್ಟಿಲಿಳಿಯುವ ಹೆಜ್ಜೆಗಳು ನಿಧಾನವಾಗಿಯೇ ಇದ್ದವು, ಯಾರಾದರೂ ಕರೆದಾರೆಂದು ಕಾಯುವವರ ಹೆಜ್ಜೆಯ ಹಾಗೆ.